ನಿನ್ನೆ ಚಂದಿತ್ತು, ಇವತ್ತೇನಾತು?

ಹೋದ ಸಲ ಶಾವಿಗಿ ಮಣಿ ಬಗ್ಗೆ ಬರದಾಗ "ಇಂಥಾ ಹಳೇ ಕಥಿ ಇನ್ನಷ್ಟು ಬರೀರಿ" ಅಂತ ಭಾಳ ಮಂದಿ ಹೇಳಿದ್ರಿ. ಈ ಸಲನೂ ಇತಿಹಾಸಾನ ಬರಿಯಾಕತ್ತೀನಿ. ಆದ್ರ ಬೀಸೋಕಲ್ಲಿಂದಲ್ಲ, ಒಳ್ಳಿಂದಲ್ಲ. ನಮ್ಮ ಪಡಸಾಲ್ಯಾಗ ಕುಂತಿರೋ ಎರಡು ಮಾನಿಟರಿಂದು, ಮತ್ತ ಅವಕ್ಕ ಬೆಳಕು ಕೊಡೋ ಡ್ರೈವರ್ ಅನ್ನೋದರದು. ನಗಬ್ಯಾಡ್ರಿ, ಪೂರ್ತಿ ಓದ್ರಿ.

ಯಾಕಂದ್ರ ಹೋದ ವಾರ ಎದುರುಮನಿ ತಂಗಿ ಓಡಿ ಬಂದು, "ಅಕ್ಕಾ, ನಮ್ಮ ಹುಡುಗನ ಮಾನಿಟರ್ ಕರ್ರಗಾಗೈತಿ, ಹೊಸಾ ಲ್ಯಾಪ್‌ಟಾಪ್ ತಗೋಬೇಕಂತ, ಎಲ್ಲಿಂದ ತರ್ಲಿ ರೊಕ್ಕಾ?" ಅಂತ ಕಣ್ಣಾಗ ನೀರು ತಂದ್ಲು. ಹೋಗಿ ನೋಡಿದ್ರ ಕೇಬಲ್ ಸಡಲಾಗಿತ್ತು. ಒತ್ತಿದೆ, ಬೆಳಕು ಬಂತು. ಆಕಿ ನನ್ನನ್ನ ದೊಡ್ಡ ಇಂಜಿನಿಯರ್ ಅನ್ನೋಹಂಗ ನೋಡಿದ್ಲು. ನಾ ಇಂಜಿನಿಯರ್ ಅಲ್ರಿ, ಎಸ್ಸೆಸ್ಸೆಲ್ಸಿ ಮುಗಿಸಿ ಮದಿವ್ಯಾಗಿ ಈ ಲಕ್ಕಲಕಟ್ಟಿಗೆ ಬಂದಾಕಿ. ಇದನ್ನೆಲ್ಲಾ ಕಲ್ತದ್ದು ಒಂದು ತಪ್ಪು ಮಾಡಿ. ಆ ತಪ್ಪನ್ನ ಇಷ್ಟು ದಿನ ಮನೀ ಮಂದಿ ಬಿಟ್ರ ಬ್ಯಾರೆ ಯಾರ್ಗೂ ಹೇಳಿಲ್ಲ. ಇವತ್ತು ಹೇಳ್ತೀನಿ.

2020ರ ಯುಗಾದಿ ನಿಮಗೆಲ್ಲಾ ನೆನಪೈತಿ. ಮಾರ್ಚ್ 25, ಬುಧವಾರ. ಬೇವು-ಬೆಲ್ಲ ತಿನ್ನೋ ದಿನಾನ ಇಡೀ ದೇಶಕ್ಕ ಕೀಲಿ ಬಿತ್ತು. ಹಬ್ಬಕ್ಕಂತ ವಾರ ಮೊದ್ಲ ಬೆಂಗಳೂರಿಂದ ಬಂದಿದ್ದ ಮಗ-ಸೊಸಿ ಇಲ್ಲೇ ಉಳದ್ರು. ಮೇ ತಿಂಗಳಾಗ ಮಗನ ಕೆಲ್ಸ ಹೋತು. ಸೊಸಿ ಒಂದು ಲೆಕ್ಕಪತ್ರದ ಆಫೀಸಿನ್ಯಾಗ ಇದ್ಲು. ಸಣ್ಣ ಆಫೀಸು, ಲ್ಯಾಪ್‌ಟಾಪ್ ಆಕಿದ ಸ್ವಂತದ್ದು. ಅಲ್ಲೂ ಮಂದೀನ ಕಡಿಮಿ ಮಾಡಾಕತ್ತಿದ್ರು. ಅವತ್ತಿನ ದಿನಕ್ಕ ನಮ್ಮ ಮನ್ಯಾಗ ತಿಂಗಳಾ ಬರೋ ರೊಕ್ಕ ಅಂದ್ರ ಆಕಿ ಪಗಾರ ಒಂದ.

ಆಕಿ ಕೆಲ್ಸಕ್ಕ ಒಂದು ಪರದಿ ಸಾಲೂದಿಲ್ಲ. ಒಂದರಾಗ ಬಿಲ್ಲು, ಇನ್ನೊಂದರಾಗ ಖಾತೆ, ಲ್ಯಾಪ್‌ಟಾಪಿನ್ಯಾಗ ಸಾಹೇಬ್ರ ಜೋಡಿ ಮಾತು. ಹಿಂಗಾಗಿ ಲಾಕ್‌ಡೌನ್ ಸಡಲಾದ ಮ್ಯಾಲ ಗದಗದಿಂದ ಒಂದು ಹೊಸಾ ಮಾನಿಟರ್ ತರಿಸಿದ್ವಿ. ಇನ್ನೊಂದು, ಗಜೇಂದ್ರಗಡದಾಗ ಕಂಪ್ಯೂಟರ್ ಕ್ಲಾಸ್ ನಡಸಿ ಮುಚ್ಚಿದ ನಮ್ಮ ತಮ್ಮನ ಮನಿ ಅಟ್ಟದ ಮ್ಯಾಲ ಇದ್ದದ್ದು. ಧೂಳಾ ಒರಸಿ ತಂದು ಇಟ್ವಿ. ನಮ್ಮ ಅತ್ತಿ, ಎಂಬತ್ತು ದಾಟಿದವ್ರು, "ಇರೋವು ಎರಡು ಕಣ್ಣು, ಮೂರು ಟಿವಿ ಯಾಕಬೇ ಈಕಿಗೆ?" ಅಂತ ದಿನಾ ಕೇಳೋರು.

ಜೂನ್ ತಿಂಗಳ ಕೊನೇ ಸೋಮವಾರ ಮುಂಜಾನೆ ಸೊಸಿ ಲ್ಯಾಪ್‌ಟಾಪ್ ಚಾಲೂ ಮಾಡಿದ್ಲು. ಎರಡೂ ಮಾನಿಟರ್ ಕತ್ತಲು. 'ಸಿಗ್ನಲ್ ಇಲ್ಲ' ಅಂತ ಒಂದು ಸಾಲು ಬಂದು ಆರಿ ಹೋಗ್ತಿತ್ತು. ಲ್ಯಾಪ್‌ಟಾಪಿನ ಪರದಿ ಮ್ಯಾಲ ಅಕ್ಷರ ಮಾತ್ರ ಇದ್ದಕ್ಕಿದ್ದಂಗ ದಪ್ಪ ಆಗಿದ್ವು, ಮಸಕು ಬ್ಯಾರೆ. ಮರುದಿನ ಸಂಜಿಕ ತಿಂಗಳ ಲೆಕ್ಕ ಮುಗಿಸಿ ಕಳಸಬೇಕು. ಮನ್ಯಾಗ ಒಬ್ಬೊಬ್ರದೂ ಒಂದೊಂದು ಮಾತು. "ಅಟ್ಟದ ಮ್ಯಾಲಿನ ಹಳೇ ಡಬ್ಬಿ ಹಚ್ಚಿದ್ದಕ್ಕ ಸುಟ್ಟೈತಿ" ಅಂದ ಮಗ. "ರಾತ್ರಿ ಹನ್ನೊಂದರ ತನಕ ಉರಸಿದ್ರ ಮಷಿನ್ ಉಳದೀತೇನು?" ಅಂದ್ರು ನಮ್ಮ ಮನಿಯವ್ರು. ಅತ್ತಿಯವ್ರಂತೂ "ಕೆಲ್ಸ ಬಿಟ್ಟು ಸುಮ್ನ ಕುಂದರ್ಲಿ, ಹೆಸರು ಬಿತ್ತೀವಿ, ಉಪವಾಸಂತೂ ಬೀಳೂದಿಲ್ಲ" ಅಂದ್ರು. ಸೊಸಿ ಒಂದೂ ಮಾತಾಡ್ಲಿಲ್ಲ. ನಾನೂ ಆಡ್ಲಿಲ್ಲ. ನಾ ಯಾಕ ಆಡ್ಲಿಲ್ಲ ಅನ್ನೂದನ್ನ ಆಮ್ಯಾಲ ಹೇಳ್ತೀನಿ. ಅದಕ್ಕೂ ಮೊದ್ಲ ಈ ಡ್ರೈವರ್ ಅಂದ್ರ ಯಾವಾತ, ಎಲ್ಲಿಂದ ಬಂದ ಅನ್ನೂದು ತಿಳೀಬೇಕು.

ನಮಗ ಡ್ರೈವರ್ ಅಂದ್ರ ರೋಣದ ಬಸ್ಸಿನ ಡ್ರೈವರ್. ಕಂಪ್ಯೂಟರಿನ ಡ್ರೈವರ್ ಹಂಗಲ್ಲ, ಅದು ಒಂದು ಪ್ರೋಗ್ರಾಮ್. ದುಭಾಷಿ ಅನ್ರಿ. ಪುಣೇದಿಂದ ಬೀಗ್ರು ಬಂದಾರ, ಅವ್ರಿಗೆ ಕನ್ನಡ ಬರೂದಿಲ್ಲ, ನಿಮ್ಮ ಅತ್ತಿಗೆ ಮರಾಠಿ ಬರೂದಿಲ್ಲ. ನಡುವ ಎರಡೂ ಬಲ್ಲ ಹುಡುಗಿ ಒಬ್ಬಾಕಿ ಕುಂತ್ರ ಮಾತು ಸಾಗತೈತಿ. ಆಕಿ ಎದ್ದು ಹೋದ್ರ? ಬೀಗ್ರೂ ಇದ್ದಾರ, ಅತ್ತೀನೂ ಇದ್ದಾರ, ಮಾತಿಲ್ಲ. ಲ್ಯಾಪ್‌ಟಾಪಿನ್ಯಾಗ ಚಿತ್ರ ಬಿಡಸೋ ಚಿಪ್ ಒಂದಿರತೈತಿ, ಅದಕ್ಕ ಗ್ರಾಫಿಕ್ಸ್ ಚಿಪ್ ಅಂತಾರ. ವಿಂಡೋಸಿಗೂ ಆ ಚಿಪ್ಪಿಗೂ ನಡುವ ಮಾತಾಡೋದು ಗ್ರಾಫಿಕ್ಸ್ ಡ್ರೈವರ್. ಚಿಪ್ ಸುಡೂದು ಅಪರೂಪ. ದುಭಾಷಿ ಎದ್ದು ಹೋಗೂದು ಭಾಳ ಸಾಮಾನ್ಯ.

ಎರಡು ಪರದಿ ಅನ್ನೂದು ಈಗಿನವ್ರ ಥಾಟು ಅಂತ ನಾನೂ ತಿಳ್ಕೊಂಡಿದ್ದೆ. ಅಲ್ರಿ. 1981ರ ಆಗಸ್ಟ್ 12ಕ್ಕ ಐಬಿಎಂ ಕಂಪನಿ ಅಮೆರಿಕಾದಾಗ ತನ್ನ ಮೊದ್ಲನೇ ಪರ್ಸನಲ್ ಕಂಪ್ಯೂಟರ್ ಬಿಡುಗಡೆ ಮಾಡ್ತು. ಪರದಿಗೆ ಹಚ್ಚಾಕ ಎರಡು ಥರದ ಕಾರ್ಡ್ ಇದ್ವು. ಒಂದು ಎಂಡಿಎ, ಬರೇ ಅಕ್ಷರ, ಸಾಲಿಗೆ 80ರಂಗ 25 ಸಾಲು, ಬಣ್ಣ ಇಲ್ಲ. ಇನ್ನೊಂದು ಸಿಜಿಎ, ಬಣ್ಣ ಇತ್ತು, ಆದ್ರ ಅಕ್ಷರ ಒರಟು. ಎರಡೂ ಕಾರ್ಡನ್ನ ಒಂದ ಕಂಪ್ಯೂಟರಿನ್ಯಾಗ ಕುಂದರಿಸಿ ಎರಡು ಮಾನಿಟರ್ ಹಚ್ಚಾಕ ಬರ್ತಿತ್ತು. ಅಂದ್ರ ನಮ್ಮ ಸೊಸಿ ಹುಟ್ಟೂಕಿಂತ ಮೊದ್ಲ, ಲೆಕ್ಕದ ಮಂದಿ ಒಂದು ಪರದ್ಯಾಗ ಅಂಕಿ, ಇನ್ನೊಂದರಾಗ ನಕ್ಷೆ ಇಟ್ಕೊಂಡು ಕುಂದರತಿದ್ರು.

ಆಗಿನ ಕಾಲದಾಗ ಎಲ್ಲಾರಿಗೂ ಒಬ್ಬನ ದುಭಾಷಿ ಇರ್ಲಿಲ್ಲ. ಪ್ರತಿಯೊಂದು ಪ್ರೋಗ್ರಾಮೂ ತನ್ನ ದುಭಾಷೀನ ತಾನ ಕರ್ಕೊಂಡು ಬರಬೇಕಿತ್ತು. ಲೆಕ್ಕದ ಪ್ರೋಗ್ರಾಮಿಗೆ ಬ್ಯಾರೆ, ಪತ್ರ ಬರಿಯೋದಕ್ಕ ಬ್ಯಾರೆ. ಹೊಸಾ ಕಾರ್ಡ್ ಬಂತಂದ್ರ ಎಲ್ಲಾನೂ ಹೊಸದು. 1985ರಾಗ ವಿಂಡೋಸ್ ಬಂದು ಈ ಪದ್ಧತಿ ಬದಲಾಸ್ತು. ಕಾರ್ಡಿಗೆ ಒಂದು ಡ್ರೈವರ್ ಹಾಕಿದ್ರ ಸಾಕು, ಮನಿಯವ್ರೆಲ್ಲಾ ಅವನ ಮೂಲಕ ಮಾತಾಡಬಹುದು. ಅನುಕೂಲ ದೊಡ್ಡದು. ಆದ್ರ ಅವತ್ತಿಂದ ಅವನೊಬ್ಬ ಕೈಕೊಟ್ರ ಇಡೀ ಮನಿ ಮೂಕ.

ಇದರಾಗ ನನಗ ಭಾಳ ಹಿಡಿಸಿದ ಸಂಗತಿ ಒಂದೈತಿ. ವ್ಯಾನ್ ಸುವನ್ನುಕುಲ್ ಅಂತ ಒಬ್ಬಾತ, ಥಾಯ್ಲೆಂಡ್ ಮೂಲದವ, ಅಮೆರಿಕಾದಾಗ ಡಾಕ್ಟರೇಟ್ ಮಾಡಾಕತ್ತಿದ್ದ. ಪ್ರಬಂಧಕ್ಕ ಅವಂಗ ಥಾಯ್ ಲಿಪಿ ಬೇಕಾಗಿತ್ತು. ಎಂಡಿಎ ಕಾರ್ಡಿನ್ಯಾಗ ಅದರೊಳಗ ಕೊರದಿಟ್ಟ ಇಂಗ್ಲಿಷ್ ಅಕ್ಷರ ಅಷ್ಟ. ಸಿಜಿಎದಾಗ ಥಾಯ್ ಅಕ್ಷರದ ಕೊಂಬು-ಬಾಲ ಕಾಣ್ತಿದ್ದಿಲ್ಲ. ಹಂಗಾಗಿ 1982ರಾಗ ಅವ ತಾನ ಒಂದು ಕಾರ್ಡ್ ಮಾಡಿದ. ಅದ ಹರ್ಕ್ಯುಲೀಸ್ ಕಾರ್ಡ್, ಅಡ್ಡ 720 ಚುಕ್ಕಿ, ಉದ್ದ 348 ಚುಕ್ಕಿ. ಆಮ್ಯಾಲ ಅದು ಜಗತ್ತೆಲ್ಲಾ ಮಾರಾಟ ಆತು. ತಾಯಿ ಭಾಷಾ ಪರದಿ ಮ್ಯಾಲ ಮೂಡಬೇಕು ಅನ್ನೋ ಒಂದು ಹಟದಿಂದ ಎಷ್ಟು ದೊಡ್ಡ ಕೆಲ್ಸ ಆತು ನೋಡ್ರಿ.

ನಮ್ಮ ಕನ್ನಡಕ್ಕೂ ಅದ ಕಷ್ಟ ಇತ್ತು. ಒತ್ತಕ್ಷರ ಕೆಳಗ ಬರಬೇಕು, ಕೊಂಬು ಬಾಜೂಕ ಬರಬೇಕು, ಆಗಿನ ಪರದಿಗೆ ಅದು ಗೊತ್ತಿಲ್ಲ. ಐಐಟಿ ಕಾನ್ಪುರದಾಗ ಶುರುವಾದ ಕೆಲ್ಸಾನ 1988ರಾಗ ಪುಣೇದಾಗ ಹುಟ್ಟಿದ ಸಿ-ಡ್ಯಾಕ್ ಸಂಸ್ಥೆ ಮುಂದುವರಿಸಿ, ಜಿಸ್ಟ್ ಅನ್ನೋ ಕಾರ್ಡ್ ಹೊರಗ ತಂತು. ಕಂಪ್ಯೂಟರಿನ ಹೊಟ್ಟಿ ಬಿಚ್ಚಿ ಆ ಕಾರ್ಡ್ ಕುಂದರಿಸಿದ್ರ ಪರದಿ ಮ್ಯಾಲ ಕನ್ನಡ, ಹಿಂದಿ, ತೆಲುಗು ಮೂಡ್ತಿದ್ವು. 1991ರಾಗ ಯೂನಿಕೋಡ್ ಅನ್ನೋ ಜಗತ್ತಿನ ಅಕ್ಷರಪಟ್ಟಿಯೊಳಗ ಕನ್ನಡಕ್ಕ ಜಾಗ ಸಿಕ್ತು. 2001ರ ವಿಂಡೋಸ್ ಎಕ್ಸ್‌ಪಿಯೊಳಗ ತುಂಗಾ ಅನ್ನೋ ಕನ್ನಡ ಅಕ್ಷರ ಅದರ ಜೋಡೀನ ಬಂತು. ಅಲ್ಲಿಂದ ಮುಂದ ಕನ್ನಡ ಕಾಣಾಕ ಬ್ಯಾರೆ ಕಾರ್ಡ್ ಬೇಕಾಗ್ಲಿಲ್ಲ. ಇವತ್ತು ನೀವು ಮೊಬೈಲಿನ್ಯಾಗ ಸಲೀಸಾಗಿ ಓದೋ ಈ ಅಕ್ಷರಕ್ಕ ಇಷ್ಟು ದಾರಿ ಸವದೈತಿ.

ಇನ್ನ ಕೇಬಲ್ ಕಥಿ. 1987ರಾಗ ಐಬಿಎಂ ವಿಜಿಎ ತಂತು. 15 ಸೂಜಿ ಇರೋ, ಎರಡೂ ಬಾಜೂ ತಿರುಪು ಇರೋ ಪ್ಲಗ್. ಹಳೇ ಆಫೀಸ್ನ್ಯಾಗ, ಸಾಲ್ಯಾಗ ನೀಲಿ ಬಣ್ಣದ್ದು ನೋಡಿರ್ತೀರಿ. ನಮ್ಮ ಅಟ್ಟದ ಮಾನಿಟರಿಂದೂ ಅದ. 2002ರಾಗ ಎಚ್‌ಡಿಎಂಐ ಬಂತು, ಟಿವಿಗೆ ಹಚ್ಚೋದು, ಚಿತ್ರ-ದನಿ ಎರಡೂ ಒಂದ ವಾಯರಿನ್ಯಾಗ. 2006ರಾಗ ಡಿಸ್‌ಪ್ಲೇಪೋರ್ಟ್. 2014ರಾಗ ಯುಎಸ್‌ಬಿ-ಸಿ, ಈಗಿನ ಮೊಬೈಲ್ ಚಾರ್ಜರಿನ ಆ ಸಣ್ಣ ಬಾಯಿ. ಅದು ಚಾರ್ಜೂ ಮಾಡತೈತಿ, ಕೆಲವು ಲ್ಯಾಪ್‌ಟಾಪಿನ್ಯಾಗ ಮಾನಿಟರಿಗೂ ಚಿತ್ರ ಕಳಸತೈತಿ. 'ಕೆಲವು' ಅನ್ನೋ ಮಾತನ್ನ ಗಟ್ಟಿಯಾಗಿ ನೆನಪಿಡ್ರಿ. ಬಾಯಿ ಒಂದ ಥರ ಕಂಡ್ರೂ ಎಲ್ಲಾ ಬಾಯಿಂದ ಚಿತ್ರ ಬರೂದಿಲ್ಲ.

ವಿಂಡೋಸಿನ್ಯಾಗ ಒಂದಕ್ಕಿಂತ ಹೆಚ್ಚು ಮಾನಿಟರ್ ಸಲೀಸಾಗಿ ಹಚ್ಚೋ ಸೌಲಭ್ಯ ಬಂದದ್ದು 1998ರಾಗ, ವಿಂಡೋಸ್ 98ರ ಜೋಡಿ. ಒಂಬತ್ತರ ತನಕ ಹಚ್ಚಬಹುದು ಅಂತಿತ್ತು. ಆದ್ರ ಚಿಪ್ಪಿಗೆ ಶಕ್ತಿ ಇರಬೇಕಲ್ಲ? ಲ್ಯಾಪ್‌ಟಾಪಿನೊಳಗಿನ ಇಂಟೆಲ್ ಚಿಪ್ 2012ರ ತನಕ ಒಟ್ಟು ಎರಡ ಪರದಿ ತೋರಸ್ತಿತ್ತು. ಆ ವರ್ಷ ಬಂದ ಐವಿ ಬ್ರಿಜ್ ಅನ್ನೋ ಪೀಳಿಗೀಲಿಂದ ಮೂರು. ಹಂಗಾಗಿ ಹಳೇ ಲ್ಯಾಪ್‌ಟಾಪಿಗೆ ಎರಡು ಮಾನಿಟರ್ ಹಚ್ಚಿ, ಮೂರನೇದು ಬರವಲ್ದು ಅಂತ ತಲಿ ಕೆಡಿಸ್ಕೊಂಡ್ರ ಅದು ರಿಪೇರಿ ಮಾತಲ್ಲ. ಎರಡು ಸೇರಿನ ಪಾತ್ರ್ಯಾಗ ಮೂರು ಸೇರು ಹಾಲು ಹಿಡೀತೈತೇನು?

ಡ್ರೈವರಿನ ಕಾಟ ದೊಡ್ಡದಾಗಿ ಜಗತ್ತಿಗೆ ಗೊತ್ತಾದದ್ದು 2007ರಾಗ. ಆ ಜನವರಿ ಕೊನೀಗೆ ವಿಂಡೋಸ್ ವಿಸ್ತಾ ಬಂತು. ಅದರಾಗ ಡ್ರೈವರ್ ಬರಿಯೋ ರೀತೀನ ಪೂರ್ತಿ ಬದಲಿ ಮಾಡಿದ್ರು. ಹಳೇ ದುಭಾಷಿಗೆ ಹೊಸಾ ಮನಿ ರೀತಿ-ರಿವಾಜು ಗೊತ್ತಾಗ್ಲಿಲ್ಲ. ಮುಂದಿನ ವರ್ಷ ಅಮೆರಿಕಾದ ಕೋರ್ಟಿಗೆ ಬಂದ ಕಾಗದದಾಗ ಒಂದು ಲೆಕ್ಕ ಇತ್ತು. 2007ರಾಗ ದಾಖಲಾದ ವಿಸ್ತಾ ಕುಸಿತದಾಗ 28.8 ಪರ್ಸೆಂಟ್ ಎನ್ವಿಡಿಯಾ ಡ್ರೈವರಿನಿಂದ, 17.9 ಪರ್ಸೆಂಟ್ ಮೈಕ್ರೋಸಾಫ್ಟಿನ ಸ್ವಂತ ಕೆಲ್ಸದಿಂದ. ಎಷ್ಟು ಮಂದಿ ಆಗ "ಕಂಪ್ಯೂಟರ್ ಹಾಳಾತು" ಅಂತ ಅಂಗಡಿಗೆ ಹೊತ್ಕೊಂಡು ಹೋಗಿರಬೇಕು! ಕಂಪ್ಯೂಟರ್ ನಿನ್ನಿಂದ ಇವತ್ತಿಗೆ ಹಾಳಾಗಿದ್ದಿಲ್ಲ. ಬದಲಾದದ್ದು ನಡುವಿನಾತ.

2010ರಾಗ ಇನ್ನೊಂದು ಬದಲಾವಣಿ. ಬ್ಯಾಟ್ರಿ ಉಳಸೂ ಸಲುವಾಗಿ ಎನ್ವಿಡಿಯಾ ಕಂಪನಿ ಆಪ್ಟಿಮಸ್ ಅನ್ನೋ ಪದ್ಧತಿ ತಂತು. ಒಂದ ಲ್ಯಾಪ್‌ಟಾಪಿನ್ಯಾಗ ಎರಡು ಚಿಪ್: ದಿನದ ಸಣ್ಣ ಕೆಲ್ಸಕ್ಕ ಒಂದು, ಆಟ-ಸಿನಿಮಾದಂಥಾ ಭಾರೀ ಕೆಲ್ಸಕ್ಕ ಇನ್ನೊಂದು. ಮನ್ಯಾಗ ಚಾಕ್ಕ ಸಣ್ಣ ಒಲಿ, ಹಬ್ಬಕ್ಕ ದೊಡ್ಡ ಒಲಿ ಇದ್ದಂಗ. ಚೊಲೊ ವಿಚಾರ. ಆದ್ರ ಇಬ್ರು ದುಭಾಷಿ ಆದ್ರು. ಇಂಥಾ ಕೆಲವು ಲ್ಯಾಪ್‌ಟಾಪಿನ್ಯಾಗ ಸ್ವಂತ ಪರದಿ ಒಂದು ಚಿಪ್ಪಿಗೆ, ಹೊರಗಿನ ಎಚ್‌ಡಿಎಂಐ ಬಾಯಿ ಇನ್ನೊಂದು ಚಿಪ್ಪಿಗೆ ಜೋಡಿಸಿರ್ತಾರ. ಒಬ್ಬಾತ ಮಲಗಿದ್ರ ಲ್ಯಾಪ್‌ಟಾಪ್ ಚಂದ ಕಾಣತೈತಿ, ಮಾನಿಟರ್ ಮಾತ್ರ ಕತ್ತಲು.

ದುಭಾಷಿ ಗುಟ್ಟು ಬಿಟ್ಟುಕೊಡದಿದ್ರ ಏನಾಗತೈತಿ ಅನ್ನೂದಕ್ಕೂ ಒಂದು ಪ್ರಸಂಗ ಐತಿ. ಲಿನಕ್ಸ್ ಅನ್ನೋದನ್ನ ಹುಟ್ಟು ಹಾಕಿದ ಲಿನಸ್ ಟೋರ್ವಾಲ್ಡ್ಸ್ 2012ರಾಗ ಫಿನ್ಲೆಂಡಿನ ಒಂದು ಸಭಾದಾಗ ಎನ್ವಿಡಿಯಾ ಹೆಸರೆತ್ತಿ, ಕ್ಯಾಮೆರಾದ ಮುಂದ ಬೆರಳು ತೋರಿಸಿ ಬೈದ. ಅವನ ಸಿಟ್ಟು ಏನಂದ್ರ, ಚಿಪ್ ಹೆಂಗ ಮಾತಾಡತೈತಿ ಅನ್ನೂದನ್ನ ಕಂಪನಿ ಹೊರಗ ಹೇಳವಲ್ದು, ಹಂಗಾಗಿ ನಾವು ಚೊಲೊ ಡ್ರೈವರ್ ಬರಿಯಾಕ ಆಗವಲ್ದು. ಬೈದ ರೀತಿ ನನಗ ಸೇರ್ಲಿಲ್ಲ, ಮಾತು ಮಾತ್ರ ಖರೆ ಅನ್ನಿಸ್ತು. ಹತ್ತು ವರ್ಷ ಆದ ಮ್ಯಾಲ, 2022ರ ಮೇ ತಿಂಗಳಾಗ, ಆ ಕಂಪನಿ ತನ್ನ ಲಿನಕ್ಸ್ ಡ್ರೈವರಿನ ಒಂದು ಭಾಗಾನ ಎಲ್ಲಾರೂ ಓದೋಹಂಗ ತೆರದಿಟ್ತು.

ಈ ಕೆಲ್ಸ ಎಲ್ಲೋ ದೂರದ ದೇಶದಾಗಷ್ಟ ನಡೀತೈತಿ ಅನ್ಕೋಬ್ಯಾಡ್ರಿ. 1985ರಾಗ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗಿಂದ ಚಿಪ್ಪಿನ ವಿನ್ಯಾಸ ನಮ್ಮ ರಾಜ್ಯದಾಗ ನಡದೈತಿ. ಗ್ರಾಫಿಕ್ಸ್ ಚಿಪ್ ಮಾಡೋ ಎಎಂಡಿ 2023ರ ನವೆಂಬರಿನ್ಯಾಗ ತನ್ನ ಅತೀ ದೊಡ್ಡ ವಿನ್ಯಾಸ ಕೇಂದ್ರಾನ ಬೆಂಗಳೂರಾಗ ತೆರೀತು. ನಮ್ಮ ಕಡೆ ಹುಡುಗ್ರು-ಹುಡಿಗ್ಯಾರೂ ಇಂಥಾ ಕೆಲ್ಸಕ್ಕ ಹೋಗಾಕತ್ತಾರ. ಹಂಗಿದ್ದಾಗ ಅವು ಕೆಟ್ಟಾಗ ನಾವು ಹೆಣಮಕ್ಕಳು ಕೈಕಟ್ಟಿ ಕುಂದರೂದು ಯಾಕ?

ಈಗ ನಮ್ಮ ಪಡಸಾಲಿಗೆ ಬರ್ರಿ. ಅವತ್ತು ಸೊಸಿ ತನ್ನ ಗೆಳತಿ ಒಬ್ಬಾಕಿಗೆ ಫೋನ್ ಹಚ್ಚಿದ್ಲು. ಆಕಿ ಕೇಳಿದ ಮೊದ್ಲನೇ ಪ್ರಶ್ನಿ ಇವತ್ತಿಗೂ ನನ್ನ ಕಿವ್ಯಾಗೈತಿ. "ನಿನ್ನೆ ಚಂದಿತ್ತು ಅಂದ್ರ, ನಿನ್ನಿಂದ ಇವತ್ತಿನ ನಡುವ ಏನು ಬದಲಾತು?" ಸೊಸಿ "ಏನೂ ಇಲ್ಲ. ರಾತ್ರಿ ಅಪ್‌ಡೇಟ್ ಹಚ್ಚಿ, ಚಾರ್ಜರ್ ಹಾಕಿ ಮಲಗಿದ್ದೆ" ಅಂದ್ಲು. ಫೋನ್ ಜೋರಾಗಿತ್ತು, ಅಡಗಿಮನ್ಯಾಗ ರೊಟ್ಟಿ ಬಡಿಯೋ ನನಗೂ ಕೇಳಿಸ್ತು. ನನ್ನ ಕೈ ನಿಂತು ಹೋತು.

ಹಿಂದಿನ ರಾತ್ರಿ ನನ್ನ ಮೊಬೈಲ್ ಸತ್ತಿತ್ತು. ಪಡಸಾಲ್ಯಾಗ ಸರಿ ಇದ್ದ ಸಾಕೆಟ್ ಒಂದ. ಅದರಾಗಿನ ಚಾರ್ಜರ್ ಕಿತ್ತು ನಂದು ಹಾಕಿದ್ದೆ. ಲ್ಯಾಪ್‌ಟಾಪಿನ ಮ್ಯಾಲ ಒಂದು ಚಕ್ರ ತಿರಗಾಕತ್ತಿತ್ತು, ಕೆಳಗ ಏನೋ ಬರದಿತ್ತು, ನಾ ಓದ್ಲಿಲ್ಲ. ಆ ಲ್ಯಾಪ್‌ಟಾಪಿನ ಬ್ಯಾಟ್ರಿ ಹದಿನೈದು ನಿಮಿಷಕ್ಕಿಂತ ಜಾಸ್ತಿ ಬರೂದಿಲ್ಲ ಅನ್ನೂದೂ ನನಗ ಗೊತ್ತಿತ್ತು. ಮುಂಜಾನೆ ಎದ್ದು ಯಾರೂ ನೋಡೂದ್ರಾಗ ಅವಳ ಚಾರ್ಜರ್ ವಾಪಸ್ ಹಾಕಿದ್ದೆ. ಮನಿಯವ್ರೆಲ್ಲಾ ಆಕೀನ ಬೈಯೋ ಮುಂದ ನಾ ಸುಮ್ಮನಿದ್ದದ್ದು ಇದಕ್ಕ.

ಒಂದು ರೊಟ್ಟಿ ಹಂಚಿನ ಮ್ಯಾಲ ಸೀದು ಹೋತು. ಕೈ ತೊಳಕೊಂಡು ಹೊರಗ ಬಂದು, ಎಲ್ಲಾರ ಮುಂದ ಹೇಳಿದೆ. "ಚಾರ್ಜರ್ ಕಿತ್ತಾಕಿ ನಾ. ಆಕಿದೇನೂ ತಪ್ಪಿಲ್ಲ." ನಮ್ಮ ಅತ್ತಿಯವ್ರು ನನ್ನ ಮುಖಾ ನೋಡಿದ್ರು. ಮಗ ತಲಿ ಕೆಳಗ ಹಾಕಿದ. ಸೊಸಿ ಬೈತಾಳ ಅನ್ಕೊಂಡಿದ್ದೆ. ಆಕಿ ಫೋನಿಗೆ, "ಗೊತ್ತಾತು ನೋಡ. ಅಪ್‌ಡೇಟ್ ನಡುವ ಕರೆಂಟ್ ತಪ್ಪೈತಿ. ಡ್ರೈವರ್ ಅರ್ಧಾ ಕುಂತೈತಿ" ಅಂದ್ಲು. ಆಮ್ಯಾಲ ನನ್ನ ಕಡೆ ತಿರುಗಿ, "ಅತ್ತಿ, ನೀವು ಹೇಳಿದ್ದು ಚೊಲೊ ಆತ್ರಿ. ಇಲ್ಲಾಂದ್ರ ನಾ ಇವತ್ತೆಲ್ಲಾ ಕೇಬಲ್ ಬದಲಿ ಮಾಡ್ಕೋಂತ ಕುಂದರತಿದ್ದೆ" ಅಂದ್ಲು. ಬೈದಿದ್ರ ಹಗುರ ಆಗ್ತಿತ್ತು ನನಗ.

ಗೆಳತಿ ಹೇಳಿದ್ದನ್ನೆಲ್ಲಾ ನಾ ಹಾಲಿನ ಲೆಕ್ಕದ ನೋಟ್‌ಬುಕ್ಕಿನ್ಯಾಗ ಒಂದೊಂದಾಗಿ ಬರ್ಕೊಂಡೆ. ಮಾಡಿದ್ದಕ್ಕ ಗೀಟು, ಆಗಿದ್ದಕ್ಕ ಒಂದು ಮಾತು. ಅಕ್ಷರ ದಪ್ಪ ಆಗಿದ್ದದ್ದ ಮೊದ್ಲ ಸುಳಿವು. ಸರಿಯಾದ ಡ್ರೈವರ್ ಸಿಗದಿದ್ರ ವಿಂಡೋಸ್ ತನ್ನ ಹತ್ರ ಇರೋ ಒಂದು ಸಾದಾ ಡ್ರೈವರ್ ಹಾಕ್ಕೊಂತೈತಿ. ಅಡಗಿ ಇಲ್ಲದ ದಿನ ಚುರಮರಿ ಇದ್ದಂಗ, ಹೊಟ್ಟಿಗೆ ಸಾಕು, ಊಟ ಅಲ್ಲ. ಆ ಸಾದಾ ಡ್ರೈವರ್ ಹೊರಗಿನ ಮಾನಿಟರ್ ನಡಸೂದಿಲ್ಲ. ಡಿವೈಸ್ ಮ್ಯಾನೇಜರ್ ಅನ್ನೂದರಾಗ ನೋಡಿದ್ರ ಚಿಪ್ಪಿನ ಹೆಸರಿನ ಜಾಗಾದಾಗ 'ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಅಂತಿತ್ತು. ರೋಗ ಸಿಕ್ತು.

ಹಳೇ ಡ್ರೈವರಿಗೆ ವಾಪಸ್ ಹೋಗೋ 'ರೋಲ್ ಬ್ಯಾಕ್' ಬಟನ್ ಮಸಕಾಗಿತ್ತು, ಒತ್ತಾಕ ಬರ್ಲಿಲ್ಲ. ಹಂಗಾಗಿ ಅರ್ಧಾ ಕುಂತದ್ದನ್ನ ತೆಗದು, ಲ್ಯಾಪ್‌ಟಾಪ್ ಮಾಡಿದ ಕಂಪನಿಯ ಸ್ವಂತ ಜಾಲತಾಣದಿಂದ ಆ ಮಾಡೆಲ್ ನಂಬರಿಂದ ಡ್ರೈವರ್ ಇಳಸ್ಬೇಕಿತ್ತು. ಮನ್ಯಾಗ ನೆಟ್ ಸಿಗೂದಿಲ್ಲ. ಮಗ ಮೊಬೈಲ್, ಲ್ಯಾಪ್‌ಟಾಪ್ ಎರಡೂ ಹೊತ್ಕೊಂಡು ಮಾಳಗಿ ಮ್ಯಾಲ ಹೋದ, ನಾ ಬಿಸಲಿಗೆ ಛತ್ರಿ ಹಿಡದೆ, ಉದ್ದ ವಾಯರ್ ಎಳದು ಚಾರ್ಜರನ್ನೂ ಹಾಕಿದ್ವಿ. ಈ ಸಲ ಆ ಪ್ಲಗ್ಗಿನ ಹತ್ರ ನಮ್ಮ ಅತ್ತಿಯವ್ರ ಕಾವಲು. ಬೆಕ್ಕನ್ನೂ ಬಿಡ್ಲಿಲ್ಲ. ಇಳಸಾಕ ಎರಡು ತಾಸು ಹಿಡೀತು.

ಮಧ್ಯಾಹ್ನಕ್ಕ ಹೊಸಾ ಮಾನಿಟರ್ ಬೆಳಗಿತು. ಅಟ್ಟದ್ದು ಮಾತ್ರ 'ಔಟ್ ಆಫ್ ರೇಂಜ್' ಅಂತ ತೋರಿಸಿ ಕಪ್ಪಾತು. ಅಂದ್ರ ಹೊಸಾ ಡ್ರೈವರ್ ಅದರ ಶಕ್ತಿ ಮೀರಿದ ಅಳತಿ ಚಿತ್ರ ಕಳಸಾಕತ್ತಿತ್ತು. ಚುಕ್ಕಿ ಲೆಕ್ಕ ಕಡಿಮಿ ಮಾಡಿ, ಸೆಕೆಂಡಿಗೆ 60 ಸಲ ಅಂತ ಇಟ್ಟ ಮ್ಯಾಲ ಅದೂ ಬಂತು. ಬಾಣದ ಗುರುತು ಮಾತ್ರ ಬಲಕ್ಕ ಸರಿಸಿದ್ರ ಎಡಗಡೆ ಪರದ್ಯಾಗ ಹೋಗ್ತಿತ್ತು. ಡಿಸ್‌ಪ್ಲೇ ಸೆಟ್ಟಿಂಗಿನ್ಯಾಗ 1, 2, 3 ಅಂತ ಚೌಕ ಇರ್ತಾವ, ಮೇಜಿನ ಮ್ಯಾಲ ಹೆಂಗ ಇಟ್ಟೀರಿ ಹಂಗ ಅವನ್ನ ಎಳದು ಇಟ್ರ ಆತು. ಮರುದಿನ ಸಂಜಿ ಆರಕ್ಕ ಹತ್ತು ನಿಮಿಷ ಇರೋ ಮುಂದ ಸೊಸಿ ಲೆಕ್ಕ ಕಳಿಸಿದ್ಲು. ಕೆಲ್ಸ ಉಳೀತು. ಇವತ್ತಿಗೂ ಐತಿ.

ಆ ನೋಟ್‌ಬುಕ್ ಇನ್ನೂ ನನ್ನ ಹತ್ರ ಐತಿ. ನಿಮ್ಮ ಮನ್ಯಾಗ ಪರದಿ ಕತ್ತಲಾದ್ರ ಹಿಂಗ ಮಾಡ್ರಿ. ಮೊದ್ಲ ಕೇಬಲ್ ಎರಡೂ ಕಡೆ ಒತ್ತಿ ನೋಡ್ರಿ. ಮಾನಿಟರಿನ ಬಟನ್ ಒತ್ತಿ ಅದು ಸರಿಯಾದ ಬಾಯಿ ನೋಡಾಕತ್ತೈತೇನು, ಎಚ್‌ಡಿಎಂಐಯೋ ವಿಜಿಎಯೋ, ಆರಿಸ್ರಿ. ಆಮ್ಯಾಲ ವಿಂಡೋಸ್ ಕೀ ಮತ್ತ ಪಿ ಕೂಡಿಸಿ ಒತ್ತಿ 'ಎಕ್ಸ್‌ಟೆಂಡ್' ಆರಿಸ್ರಿ. ಬರ್ಲಿಲ್ಲಾಂದ್ರ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ, ನಾಲ್ಕೂ ಕೂಡಿಸಿ ಒತ್ರಿ. ವಿಂಡೋಸ್ 10 ಮತ್ತ 11ರಾಗ ಡ್ರೈವರ್ ಎಚ್ಚರಾಗಿ ಮತ್ತ ಶುರುವಾಗತೈತಿ, ಪರದಿ ಒಮ್ಮೆ ಕಣ್ಣು ಮಿಟಕಸತೈತಿ, ಅಂಜಬ್ಯಾಡ್ರಿ. ಅದಕ್ಕೂ ಬರ್ಲಿಲ್ಲಾಂದ್ರ ಡಿವೈಸ್ ಮ್ಯಾನೇಜರಿನ್ಯಾಗ ಚಿಪ್ಪಿನ ಹೆಸರು ನೋಡ್ರಿ. ಅಪ್‌ಡೇಟ್ ಆದ ಮ್ಯಾಲ ಕೆಟ್ಟಿದ್ರ 'ರೋಲ್ ಬ್ಯಾಕ್' ಒತ್ರಿ, ಇಲ್ಲಾಂದ್ರ ಕಂಪನಿ ಜಾಲತಾಣದಿಂದನ ತರ್ರಿ. ಸಿಕ್ಕಲ್ಲಿಂದ ಇಳಸಬ್ಯಾಡ್ರಿ, ಡ್ರೈವರಿನ ವೇಷದಾಗ ಕಳ್ರೂ ಬರ್ತಾರ. ಯುಎಸ್‌ಬಿ-ಸಿ ಅಡಾಪ್ಟರ್ ಕೊಳ್ಳೂಕಿಂತ ಮೊದ್ಲ ಆ ಬಾಯಿಂದ ಚಿತ್ರ ಬರತೈತೇನು ಅಂತ ಲ್ಯಾಪ್‌ಟಾಪಿನ ಪುಸ್ತಕದಾಗ ನೋಡ್ಕೋರಿ. ಆಫೀಸಿನವ್ರು ಕೊಟ್ಟ ಲ್ಯಾಪ್‌ಟಾಪ್ ಇದ್ರ ಅವ್ರನ್ನ ಕೇಳದ ಡ್ರೈವರಿಗೆ ಕೈ ಹಚ್ಚಬ್ಯಾಡ್ರಿ.

ಒಂದು ಸಲಕ್ಕ ಒಂದನ್ನ ಬದಲಿ ಮಾಡ್ರಿ. ಸಾರಿಗೆ ಉಪ್ಪು, ಖಾರ, ಹುಣಸಿಹಣ್ಣು ಮೂರೂ ಒಮ್ಮೆಗೇ ಸುರವಿದ್ರ ಯಾವುದು ಹೆಚ್ಚಾತು ಅಂತ ಹೆಂಗ ತಿಳೀಬೇಕು?

ಆದ್ರ ಇದೆಲ್ಲಾದಕ್ಕಿಂತ ಮೊದ್ಲ ಕೇಳೋ ಪ್ರಶ್ನಿ ಅದ: ನಿನ್ನಿಂದ ಇವತ್ತಿಗೆ ಏನು ಬದಲಾತು? ಅದಕ್ಕ ಉತ್ತರ ಒಮ್ಮೊಮ್ಮೆ ಯಂತ್ರದಾಗ ಇರೂದಿಲ್ಲ, ಮನ್ಯಾಗ ಸುಮ್ನ ಕುಂತ ಒಬ್ರ ಬಾಯಾಗಿರತೈತಿ. ಅವತ್ತು ನಾ ಇನ್ನೊಂದು ತಾಸು ತಡಾ ಮಾಡಿದ್ರೂ ಸೊಸಿ ಕೆಲ್ಸ ಹೋಗ್ತಿತ್ತೋ ಏನೋ. ನಿಮ್ಮ ಮನ್ಯಾಗ ಏನರ ಕೆಟ್ಟಾಗ ಮೊದ್ಲ ಸಣ್ಣವ್ರನ್ನ ಬೈಬ್ಯಾಡ್ರಿ, ಆ ಪ್ರಶ್ನಿ ಕೇಳ್ರಿ. ಉತ್ತರ ನಿಮ್ಮ ಹತ್ರಾನ ಇದ್ರ ಲಗೂ ಹೇಳಿಬಿಡ್ರಿ.

ಈಗ ನಮ್ಮ ಪಡಸಾಲ್ಯಾಗ ಮೂರು ಸಾಕೆಟ್ ಅದಾವ. ಒಂದರ ಮ್ಯಾಲ ನಮ್ಮ ಅತ್ತಿಯವ್ರು ಮೊಮ್ಮಗನ ಕಡಿಂದ ಒಂದು ಚೀಟಿ ಬರಸಿ ಅಂಟಿಸ್ಯಾರ: "ಕೇಳದ ಕೀಳಬ್ಯಾಡ್ರಿ." ಅದು ಯಾರ ಸಲುವಾಗಿ ಅನ್ನೂದು ಎಲ್ಲಾರ್ಗೂ ಗೊತ್ತು. ಬರ್ತೀನಿ, ಕುಕ್ಕರ್ ಕೂಗಾಕತ್ತೈತಿ.